ಸಂಕೋಚವೋ ಬಿಗಿತವೋ: ‘ಕನ್‌ಸ್ಟ್ರಿಕ್ಷನ್’ ಪದದ ಅರ್ಥ ಮತ್ತು ಬಳಕೆ

ಇಂಗ್ಲಿಷ್ ಪದವೊಂದಕ್ಕೆ ಕನ್ನಡದಲ್ಲಿ ಸಮಾನಪದ ಕೊಡುವುದು ನಿಘಂಟುಕಾರನ ಕೆಲಸಗಳಲ್ಲೆಲ್ಲ ಸುಲಭವಾದುದೆಂದು ಹೊರಗಿನವರಿಗೆ ತೋರುತ್ತದೆ. ಆ ಕೆಲಸಕ್ಕೆ ಕೈಹಾಕಿದವರಿಗೆ ಮಾತ್ರ ಅದರ ಕಷ್ಟ ಗೊತ್ತು. ಮರ, ನೀರು, ಹಸು ಮೊದಲಾದ ವಸ್ತುವಾಚಕಗಳಲ್ಲಿ ಹೆಚ್ಚಿನ ತೊಡಕಿಲ್ಲ. ಒಂದು ಕ್ರಿಯೆಯನ್ನು, ಅದರಲ್ಲಿಯೂ ಒಂದು ಮಾಡಿ ಇನ್ನೊಂದು ಅನುಭವಿಸುವ ಕ್ರಿಯೆಯನ್ನು ಸೂಚಿಸುವ ಪದಗಳಲ್ಲಿ ತೊಡಕು ಮೊದಲಾಗುತ್ತದೆ. ‘ಕನ್‌ಸ್ಟ್ರಿಕ್ಷನ್’ ಅಂತಹ ಒಂದು ಪದ. ಇದಕ್ಕೆ ಕನ್ನಡದ ಶಾಸ್ತ್ರಗ್ರಂಥಗಳಲ್ಲಿಯೂ ಪಠ್ಯಪುಸ್ತಕಗಳಲ್ಲಿಯೂ ಸಾಮಾನ್ಯವಾಗಿ ‘ಸಂಕೋಚ’, ‘ಸಂಕೋಚನ’ ಎಂಬ ಸಂಸ್ಕೃತ ರೂಪಗಳನ್ನು ಬಳಸುವ ರೂಢಿಯಿದೆ. ಈ ರೂಢಿ ಎಷ್ಟರಮಟ್ಟಿಗೆ ಸಮಂಜಸ, ಅದರಿಂದ ಆಗುವ ಹಾನಿ ಯಾವುದು, ಅದಕ್ಕೆ ಕನ್ನಡದೊಳಗೇ ಪರಿಹಾರವಿದೆಯೇ ಎಂಬುದನ್ನು ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ. ಕನ್ನಡಕ್ಕೂ ತಮಿಳಿಗೂ ನಿತ್ಯ ಸಂಪರ್ಕವಿರುವ ಚೆನ್ನೈ ನಗರ ಈ ಪರಿಶೀಲನೆಗೆ ತಕ್ಕ ಸ್ಥಳವಾಗಿದೆ.

ಮೊದಲು ಪದದ ನಿಷ್ಪತ್ತಿಯನ್ನು ನೋಡಬಹುದು. ಲ್ಯಾಟಿನ್ ಭಾಷೆಯ ‘ಸ್ಟ್ರಿಂಗೆರೆ’ ಎಂಬ ಧಾತುವಿಗೆ ಬಿಗಿಯಾಗಿ ಎಳೆ, ಬಿಗಿ ಎಂಬ ಅರ್ಥಗಳಿವೆ. ಒಟ್ಟಿಗೆ ಎಂಬ ಅರ್ಥದ ‘ಕಾನ್’ ಉಪಸರ್ಗ ಸೇರಿ ಎಲ್ಲ ಕಡೆಯಿಂದಲೂ ಬಿಗಿ ಎಂಬ ಅರ್ಥ ಬಂದಿದೆ. ಇದೇ ಧಾತುವಿನ ಸಂತತಿ ಇಂಗ್ಲಿಷಿನಲ್ಲಿ ಬಹಳ ದೊಡ್ಡದು. ‘ಸ್ಟ್ರಿಕ್ಟ್’, ‘ರಿಸ್ಟ್ರಿಕ್ಟ್’, ‘ಸ್ಟ್ರಿಕ್ಚರ್’, ‘ಕನ್‌ಸ್ಟ್ರೇನ್’, ‘ಡಿಸ್ಟ್ರೆಸ್’ ಎಲ್ಲವೂ ಒಂದೇ ಬಳ್ಳಿಯ ಕಾಯಿಗಳು. ಕನ್ನಡಿಗರು ದಿನವೂ ಬಳಸುವ ‘ಡಿಸ್ಟ್ರಿಕ್ಟ್’ ಕೂಡ ಮೂಲದಲ್ಲಿ ಒಬ್ಬ ಅಧಿಕಾರಿಯ ಬಿಗಿಹಿಡಿತಕ್ಕೆ ಒಳಪಟ್ಟ ಪ್ರದೇಶವೇ. ಇದಕ್ಕೆ ಎದುರಾಗಿ ‘ಕಾಂಟ್ರ್ಯಾಕ್ಷನ್’ ಎಂಬ ಪದವನ್ನು ಇಟ್ಟು ನೋಡಬೇಕು. ಅದರ ಧಾತು ‘ಟ್ರಾಹೆರೆ’. ಎಳೆ ಎಂದು ಅರ್ಥ. ತನ್ನ ಭಾಗಗಳನ್ನು ತಾನೇ ಒಳಕ್ಕೆ ಎಳೆದುಕೊಂಡು ಕುಗ್ಗುವುದು ಕಾಂಟ್ರ್ಯಾಕ್ಷನ್. ಒಂದು ವಸ್ತುವನ್ನು ಸುತ್ತಲಿಂದ ಬಿಗಿದು ಅದರ ಹರವನ್ನು, ಅದರೊಳಗಿನ ದಾರಿಯನ್ನು ಕಿರಿದುಗೊಳಿಸುವುದು ಕನ್‌ಸ್ಟ್ರಿಕ್ಷನ್. ಮೊದಲನೆಯದರಲ್ಲಿ ಮಾಡುವುದೂ ಅನುಭವಿಸುವುದೂ ಒಂದೇ ವಸ್ತು. ಎರಡನೆಯದರಲ್ಲಿ ಬಿಗಿಯುವುದು ಬೇರೆ, ಬಿಗಿಸಿಕೊಳ್ಳುವುದು ಬೇರೆ. ಇವುಗಳ ನಡುವೆ ಹರಿಯಬೇಕಾದುದು, ಹರಿಯಲಾರದೆ ತಡೆದು ನಿಲ್ಲುವುದು, ಇನ್ನೊಂದು. ಗಾಳಿ, ನೆತ್ತರು, ನೀರು, ಜನ, ಮಾತು ಯಾವುದೂ ಈ ಮೂರನೆಯ ಸ್ಥಾನದಲ್ಲಿರಬಹುದು. ಈ ತ್ರಿಪುಟಿಯನ್ನು ಉಳಿಸಿಕೊಳ್ಳದ ಅನುವಾದ ಪದದ ಹೊಟ್ಟನ್ನು ಉಳಿಸಿಕೊಂಡು ಕಾಳನ್ನು ಕಳೆದುಕೊಂಡಂತೆ.

ಇನ್ನು ‘ಸಂಕೋಚ’ ಪದದ ವಿಚಾರ. ಸಂಸ್ಕೃತದಲ್ಲಿ ಇದಕ್ಕೆ ಕುಗ್ಗುವುದು, ಮುದುಡುವುದು, ಮುಚ್ಚಿಕೊಳ್ಳುವುದು ಎಂಬ ಅರ್ಥಗಳು. ಸಂಜೆಗೆ ತಾವರೆ ಮುಚ್ಚಿಕೊಳ್ಳುವುದು ಸಂಕೋಚ. ತಾವರೆಯನ್ನು ಯಾರೂ ಹೊರಗಿನಿಂದ ಅಮುಕಿರುವುದಿಲ್ಲ ಎಂಬುದನ್ನು ಗಮನಿಸಬೇಕು. ಕನ್ನಡಕ್ಕೆ ಬಂದ ಮೇಲೆ ಈ ಪದ ಇನ್ನೊಂದು ದಾರಿ ಹಿಡಿಯಿತು. ‘ಸಂಕೋಚ ಮಾಡಿಕೊಳ್ಳಬೇಡಿ, ಇನ್ನೊಂದಿಷ್ಟು ಬಡಿಸಿಕೊಳ್ಳಿ’ ಎಂದು ಅತಿಥಿಗೆ ಹೇಳುವ ಗೃಹಿಣಿಯ ಮಾತಿನಲ್ಲಿ ‘ಸಂಕೋಚ’ಕ್ಕೆ ನಾಚಿಕೆ, ಹಿಂಜರಿಕೆ ಎಂದಷ್ಟೇ ಅರ್ಥ. ಹಾಗೆಯೇ ‘ಸಂಕುಚಿತ’ ಎಂಬುದು ಮನೋಭಾವಕ್ಕೆ ಅಂಟಿಕೊಂಡಿದೆ. ಭಾಷಾಶಾಸ್ತ್ರದ ವಿದ್ಯಾರ್ಥಿಗಳು ಅರ್ಥಪಲ್ಲಟದ ಪಾಠದಲ್ಲಿ ‘ಅರ್ಥಸಂಕೋಚ’, ‘ಅರ್ಥವಿಸ್ತಾರ’ಗಳನ್ನು ಓದುತ್ತಾರೆ. ಎಳ್ಳಿನ ನೆಯ್ ಎಂಬ ಮೂಲಾರ್ಥದ ‘ಎಣ್ಣೆ’ ಎಲ್ಲ ಬಗೆಯ ತೈಲಕ್ಕೂ ಸಲ್ಲುವಂತಾದುದು ವಿಸ್ತಾರಕ್ಕೆ ಉದಾಹರಣೆ. ಸಂಕೋಚಕ್ಕೆ ಉದಾಹರಣೆ ಬೇಕಾದರೆ ‘ಸಂಕೋಚ’ ಪದವನ್ನೇ ಕೊಡಬಹುದು! ಯೋಗಾರ್ಥಕ್ಕಿಂತ ರೂಢ್ಯರ್ಥ ಬಲವಾದುದೆಂಬುದು ಶಾಸ್ತ್ರಕಾರರು ಬಹುಹಿಂದೆಯೇ ಕಂಡುಕೊಂಡ ಸತ್ಯ. ‘ರಕ್ತನಾಳದ ಸಂಕೋಚ’ ಎಂದು ಬರೆದಾಗ ಸಾಮಾನ್ಯ ಓದುಗನ ಮನಸ್ಸಿಗೆ ಮೊದಲು ಬರುವುದು ರೂಢ್ಯರ್ಥವೇ. ನಾಳಕ್ಕೇಕೆ ನಾಚಿಕೆ ಎಂದು ಅವನು ಒಂದು ಕ್ಷಣ ತಡವರಿಸಿದರೆ ತಪ್ಪು ಅವನದಲ್ಲ.

ಈ ತೊಡಕನ್ನು ಮನಗಂಡೇ ವಿಜ್ಞಾನ ಲೇಖಕರು ‘ಸಂಕೋಚನ’ ಎಂದು ಒಂದು ಅಕ್ಷರ ಬೆಳೆಸಿದರು. ಅದು ಸರಿಯಾದ ಉಪಾಯವೇ. ಕಾದ ಲೋಹ ತಣಿದಾಗ ಕುಗ್ಗುವುದು, ಸ್ನಾಯು ಸೆಟೆದು ಗಿಡ್ಡವಾಗುವುದು, ಹೃದಯ ಮುದುಡಿ ನೆತ್ತರನ್ನು ಹೊರಕ್ಕೆ ತಳ್ಳುವುದು, ಎಲ್ಲಕ್ಕೂ ‘ಸಂಕೋಚನ’ ಪಾರಿಭಾಷಿಕ ಪದವಾಗಿ ನೆಲೆನಿಂತಿದೆ. ಇವೆಲ್ಲವೂ ಕಾಂಟ್ರ್ಯಾಕ್ಷನ್‌ಗಳು. ಕಷ್ಟ ಬಂದಿರುವುದು ಅದೇ ಪದವನ್ನು ಕನ್‌ಸ್ಟ್ರಿಕ್ಷನ್ನಿಗೂ ಹೊರಿಸಿದ್ದರಿಂದ. ಇದನ್ನು ಬರಿಯ ಪಂಡಿತರ ಚರ್ಚೆಯೆಂದು ತಳ್ಳಿಹಾಕುವಂತಿಲ್ಲ ಎಂಬುದಕ್ಕೆ ವೈದ್ಯಕೀಯದಿಂದ ಎರಡು ನಿದರ್ಶನಗಳನ್ನು ಕೊಡಬಹುದು.

ಉಬ್ಬಸದ ರೋಗಿಯಲ್ಲಿ ಆಗುವುದೇನು? ಶ್ವಾಸನಾಳಗಳ ಗೋಡೆಯಲ್ಲಿರುವ ಸ್ನಾಯು ಕುಗ್ಗುತ್ತದೆ. ಅದರ ಪರಿಣಾಮವಾಗಿ ನಾಳದ ದಾರಿ ಕಿರಿದಾಗುತ್ತದೆ. ಗಾಳಿ ಸರಾಗವಾಗಿ ಹೋಗಿಬರಲಾರದು. ಇಂಗ್ಲಿಷಿನಲ್ಲಿ ಸ್ನಾಯುವಿನದು ಕಾಂಟ್ರ್ಯಾಕ್ಷನ್, ನಾಳದ್ದು ಕನ್‌ಸ್ಟ್ರಿಕ್ಷನ್. ಒಂದು ಕಾರಣ, ಇನ್ನೊಂದು ಕಾರ್ಯ. ಕನ್ನಡದಲ್ಲಿ ‘ಸ್ನಾಯುಸಂಕೋಚನದಿಂದ ನಾಳಸಂಕೋಚನ’ ಎಂದು ಬರೆದರೆ ಕಾರಣಕ್ಕೂ ಕಾರ್ಯಕ್ಕೂ ಒಂದೇ ಹೆಸರಾಗಿ ವಾಕ್ಯ ತನ್ನ ಸುತ್ತ ತಾನೇ ಸುತ್ತುತ್ತದೆ. ರೋಗಿಯಾದರೋ ಬಹು ಸ್ಪಷ್ಟವಾಗಿ ‘ಎದೆ ಬಿಗಿಯುತ್ತದೆ, ಉಸಿರು ಕಟ್ಟುತ್ತದೆ’ ಎನ್ನುತ್ತಾನೆ. ಬಿಗಿಯುವುದು, ಕಟ್ಟುವುದು ಎಂಬ ಎರಡು ಕ್ರಿಯೆಗಳನ್ನು ಅವನು ಬೇರೆಬೇರೆಯಾಗಿಯೇ ಹೇಳಿದ್ದಾನೆ. ಶಾಸ್ತ್ರದ ಕನ್ನಡಕ್ಕಿಂತ ಸಂಕಟದ ಕನ್ನಡ ಇಲ್ಲಿ ಹೆಚ್ಚು ಶಾಸ್ತ್ರೀಯವಾಗಿದೆ.

ಎರಡನೆಯ ನಿದರ್ಶನ ಇನ್ನೂ ಗಂಭೀರವಾದುದು. ಹೃದಯವನ್ನು ಸುತ್ತಿರುವ ಹೊರಪೊರೆ ರೋಗದಿಂದ ದಪ್ಪವಾಗಿ ಗಡುಸಾದರೆ ಹೃದಯ ಅರಳಲಾರದು. ಅದಕ್ಕೆ ಬೇಕಾದಷ್ಟು ನೆತ್ತರು ತುಂಬಿಕೊಳ್ಳುವುದಿಲ್ಲ. ಇದನ್ನು ಇಂಗ್ಲಿಷ್ ವೈದ್ಯಗ್ರಂಥಗಳು ‘ಕನ್‌ಸ್ಟ್ರಿಕ್ಟಿವ್’ ಎಂಬ ವಿಶೇಷಣದಿಂದ ಗುರುತಿಸುತ್ತವೆ. ಭಾರತದಲ್ಲಿ ಇದಕ್ಕೆ ಮುಖ್ಯ ಕಾರಣಗಳಲ್ಲೊಂದು ಕ್ಷಯರೋಗ. ಕ್ಷಯದ ಚಿಕಿತ್ಸೆಯ ಚರಿತ್ರೆಯಲ್ಲಿ ಚೆನ್ನೈ ನಗರಕ್ಕೆ ದೊಡ್ಡ ಸ್ಥಾನವಿದೆ. ಇಲ್ಲಿಯ ಚೇತ್‌ಪಟ್ಟಿನಲ್ಲಿ 1956ರಲ್ಲಿ ಆರಂಭವಾದ ಸಂಶೋಧನ ಕೇಂದ್ರವು, ರೋಗಿಯನ್ನು ಆರೋಗ್ಯಧಾಮದಲ್ಲಿ ಇಟ್ಟು ಕೊಡುವ ಚಿಕಿತ್ಸೆಯಷ್ಟೇ ಮನೆಯಲ್ಲಿದ್ದು ಪಡೆಯುವ ಚಿಕಿತ್ಸೆಯೂ ಫಲಕಾರಿ ಎಂಬುದನ್ನು 1959ರಲ್ಲಿ ಪ್ರಕಟವಾದ ಅಧ್ಯಯನದಿಂದ ತೋರಿಸಿತು. ಚಿಕಿತ್ಸೆ ಮನೆಗೆ ಬಂದಿತೆಂದರೆ ವೈದ್ಯನ ಮಾತೂ ಮನೆಯ ಭಾಷೆಗೆ ಬರಬೇಕಾಯಿತೆಂದೇ ಅರ್ಥ. ಈಗ ಪದಗಳನ್ನು ನೋಡಬೇಕು. ಹೃದಯ ಕುಗ್ಗುವ ಹೊತ್ತಿನ ರಕ್ತದೊತ್ತಡವನ್ನು ಕನ್ನಡದಲ್ಲಿ ‘ಸಂಕೋಚಕ’ ಒತ್ತಡ ಎನ್ನುತ್ತಾರೆ. ಅದು ಆರೋಗ್ಯವಂತನಲ್ಲಿ ನಿಮಿಷಕ್ಕೆ ಎಪ್ಪತ್ತೆಂಬತ್ತು ಸಲ ನಡೆಯುವ ಸಹಜ ಕ್ರಿಯೆಗೆ ಸಂಬಂಧಿಸಿದ್ದು. ಹೊರಪೊರೆಯ ರೋಗವನ್ನೂ ‘ಸಂಕೋಚಕ’ ಎಂದರೆ, ಹೃದಯದ ಕುಗ್ಗುವಿಕೆಯಲ್ಲಿಯೇ ದೋಷವಿದೆ ಎಂದು ಓದುಗ ತಿಳಿಯುತ್ತಾನೆ. ವಾಸ್ತವದಲ್ಲಿ ಮುಖ್ಯ ದೋಷವಿರುವುದು ಕುಗ್ಗುವುದರಲ್ಲಿ ಅಲ್ಲ, ಅರಳುವುದರಲ್ಲಿ. ಒಂದೇ ಪದ ಬದುಕಿನ ಕ್ರಿಯೆಗೂ ಅದನ್ನು ತಡೆಯುವ ರೋಗಕ್ಕೂ ಹೆಸರಾದರೆ ಅಂತಹ ಪರಿಭಾಷೆಯಿಂದ ಯಾರಿಗೆ ಪ್ರಯೋಜನ? ‘ಹೃದಯದ ಹೊರಪೊರೆಯ ಬಿಗಿತ’ ಎಂದರೆ ವೈದ್ಯ ವಿದ್ಯಾರ್ಥಿಗೂ ತಿಳಿಯುತ್ತದೆ, ರೋಗಿಯ ಮನೆಯವರಿಗೂ ತಿಳಿಯುತ್ತದೆ.

ಹಾಗಾದರೆ ‘ಸಂಕೋಚನ’ವನ್ನು ಬಿಟ್ಟು ‘ಉಸಿರುಗಟ್ಟಿಸು’, ‘ಕೊರಳು ಹಿಸುಕು’ ಮುಂತಾದ ದೇಶ್ಯರೂಪಗಳನ್ನು ಕಣ್ಣುಮುಚ್ಚಿ ಹಾಕಿಬಿಟ್ಟರೆ ಸಾಕೇ? ಅದೂ ಸಾಲದೆಂಬುದಕ್ಕೆ ಹಾವಿನ ಲೋಕದಿಂದ ಒಂದು ಸಾಕ್ಷ್ಯವಿದೆ. ಗಿಂಡಿಯಲ್ಲಿ 1972ರಿಂದ ನಡೆಯುತ್ತಿರುವ ಹಾವುಗಳ ಉದ್ಯಾನಕ್ಕೆ ಹೋದವರು ಹೆಬ್ಬಾವನ್ನು ಕಂಡೇ ಇರುತ್ತಾರೆ. ಕನ್ನಡ ಈ ಹಾವನ್ನು ಅದರ ಗಾತ್ರದಿಂದ ಗುರುತಿಸಿ ‘ಹೆಬ್ಬಾವು’ ಎಂದಿತು. ತಮಿಳು ಅದರ ನೆಲೆಯಿಂದ ಗುರುತಿಸಿ ‘ಮಲೈಪಾಂಬು’ ಎಂದಿತು. ದಕ್ಷಿಣ ಅಮೆರಿಕದಲ್ಲಿ ಇದರಂತೆಯೇ ಬೇಟೆಯಾಡುವ ಹಾವಿಗೆ ಲಿನೇಯಸ್ 1758ರಲ್ಲಿ ಕೊಟ್ಟ ಹೆಸರು ‘ಬೋವಾ ಕನ್‌ಸ್ಟ್ರಿಕ್ಟರ್’. ಅದು ಕೊಲ್ಲುವ ರೀತಿಯಿಂದ ಬಂದ ಹೆಸರು. ಈ ಹಾವುಗಳು ಬೇಟೆಯನ್ನು ಸುತ್ತಿಕೊಂಡು ಉಸಿರು ಕಟ್ಟಿಸಿ ಕೊಲ್ಲುತ್ತವೆಂದು ಬಹುಕಾಲ ನಂಬಲಾಗಿತ್ತು. ಅಮೆರಿಕದ ಸ್ಕಾಟ್ ಬೋಬ್ಯಾಕ್ ಮತ್ತು ಅವರ ಸಂಗಡಿಗರು ಬೋವಾ ಹಾವಿನ ಮೇಲೆ ನಡೆಸಿ 2015ರಲ್ಲಿ ಪ್ರಕಟಿಸಿದ ಅಧ್ಯಯನ ಬೇರೆಯದನ್ನೇ ಹೇಳಿತು. ಹಾವು ಬಿಗಿದ ಕೆಲವೇ ಸೆಕೆಂಡುಗಳಲ್ಲಿ ಬೇಟೆಯ ರಕ್ತಪರಿಚಲನೆ ಕುಸಿಯುತ್ತದೆ. ಉಸಿರು ನಿಲ್ಲುವುದಕ್ಕಿಂತ ಮೊದಲು ನೆತ್ತರಿನ ಹರಿವು ನಿಲ್ಲುತ್ತದೆ. ‘ಉಸಿರುಗಟ್ಟಿಸುವ ಹಾವು’ ಎಂದು ಅನುವಾದಿಸಿದ್ದರೆ ಆ ಅನುವಾದ 2015ರಲ್ಲಿ ಸುಳ್ಳಾಗುತ್ತಿತ್ತು. ಹೆಬ್ಬಾವು ‘ಸುತ್ತಿ ಹಿಂಡುತ್ತದೆ’ ಎಂಬ ಹಳ್ಳಿಗರ ಮಾತು ಸುಳ್ಳಾಗಲಿಲ್ಲ. ಕಾರಣ, ಆ ಮಾತು ಕಂಡಷ್ಟನ್ನು ಮಾತ್ರ ಹೇಳುತ್ತದೆ; ಕಾಣದ ಪರಿಣಾಮವನ್ನು ಊಹಿಸಿ ಹೆಸರಿನಲ್ಲಿ ಸೇರಿಸುವುದಿಲ್ಲ. ಅಂದಮೇಲೆ ದೇಶ್ಯಪದವೆಂಬ ಒಂದೇ ಕಾರಣಕ್ಕೆ ಯಾವುದೂ ಸರಿಯಾಗುವುದಿಲ್ಲ, ಸಂಸ್ಕೃತವೆಂಬ ಕಾರಣಕ್ಕೆ ತಪ್ಪಾಗುವುದೂ ಇಲ್ಲ. ಬಿಗಿಯುವುದು ಯಾವುದು, ಬಿಗಿಸಿಕೊಳ್ಳುವುದು ಯಾವುದು, ತಡೆದು ನಿಂತದ್ದು ಯಾವುದು ಎಂಬ ವಿವೇಚನೆಯೇ ಪ್ರಧಾನ.

ಈ ವಿವೇಚನೆಗೆ ಬೇಕಾದ ಸಾಮಗ್ರಿ ಕನ್ನಡದಲ್ಲಿ ಧಾರಾಳವಾಗಿದೆ. ತಾನಾಗಿ ಕಿರಿದಾಗುವುದಕ್ಕೆ ಕುಗ್ಗು, ಮುದುಡು, ಮುದುರು, ಸುರುಟು. ಹೊರಗಿನಿಂದ ಒತ್ತಿ ಕಿರಿದುಗೊಳಿಸುವುದಕ್ಕೆ ಬಿಗಿ, ಹಿಂಡು, ಹಿಸುಕು, ಅದುಮು, ಅಮುಕು, ಇರುಕು. ಅಮುಕು ಹಳಗನ್ನಡದಲ್ಲಿ ‘ಔಂಕು’ ಎಂದೂ ಕಾಣಿಸಿಕೊಳ್ಳುತ್ತದೆ. ಹಗ್ಗದಿಂದ ಬಿಗಿಯುವುದಕ್ಕೆ ಉರುಳು, ಕುಣಿಕೆ, ಜೀರುಗುಣಿಕೆ ಎಂಬ ಬೇರೆಬೇರೆ ಸಾಧನಗಳು. ಎರಡು ಕಡೆಯಿಂದ ಸಿಕ್ಕಿಬಿದ್ದವನಿಗೆ ‘ಅಡಕತ್ತರಿಯಲ್ಲಿ ಸಿಕ್ಕ ಅಡಕೆ’ ಎಂಬ ಮಾತು. ತಾನು ಕುಗ್ಗುವುದೂ ಪರರಿಂದ ಹಿಂಡಿಸಿಕೊಳ್ಳುವುದೂ ಒಂದೇ ಅಲ್ಲ ಎಂಬ ತಿಳಿವಳಿಕೆ ಕನ್ನಡದ ಧಾತುಗಳಲ್ಲಿಯೇ ಅಡಗಿದೆ. ಇಂಗ್ಲಿಷಿನಲ್ಲಿ ಕಾಂಟ್ರ್ಯಾಕ್ಷನ್, ಕನ್‌ಸ್ಟ್ರಿಕ್ಷನ್ ಎಂಬ ಎರಡು ಪದಗಳು ಮಾಡುವ ಕೆಲಸವನ್ನು ಈ ಎರಡು ಗುಂಪುಗಳು ಅದಕ್ಕಿಂತಲೂ ಸೂಕ್ಷ್ಮವಾಗಿ ಮಾಡುತ್ತವೆ.

ನೆರೆಯ ತಮಿಳಿನ ಕಡೆ ತಿರುಗಿದರೆ ಈ ಚಿತ್ರ ಇನ್ನಷ್ಟು ಸ್ಪಷ್ಟವಾಗುತ್ತದೆ. ಕನ್ನಡದ ‘ಇರುಕು’ ಮತ್ತು ತಮಿಳಿನ ‘ಇಱುಕ್ಕು’ ಸೋದರ ಪದಗಳು. ತಮಿಳು ಅದರಿಂದ ‘ಇಱುಕ್ಕಂ’ ಎಂಬ ಭಾವನಾಮವನ್ನು ಮಾಡಿಕೊಂಡು ಕಟ್ಟಿನ ಬಿಗಿತಕ್ಕೂ ಮನಸ್ಸಿನ ಬಿಗಿತಕ್ಕೂ ಸಲೀಸಾಗಿ ಬಳಸುತ್ತಿದೆ. ಕನ್ನಡದ ‘ಸುಕ್ಕು’ ಹಿಂದೆ ‘ಸುರ್ಕು’ ಆಗಿತ್ತು. ಅದರ ಬಂಧುವಾದ ತಮಿಳಿನ ‘ಸುರುಕ್ಕು’ ಕುಣಿಕೆಗೂ ಹೆಸರು, ಅದರ ಇನ್ನೊಂದು ರೂಪ ‘ಸುರುಕ್ಕಂ’ ಗ್ರಂಥದ ಸಂಗ್ರಹಕ್ಕೂ ಹೆಸರು. ಚೆನ್ನೈಯ ರಂಗನಾಥನ್ ಬೀದಿಯ ಜನಜಂಗುಳಿಗೆ, ರಸ್ತೆಯ ವಾಹನ ದಟ್ಟಣೆಗೆ ತಮಿಳರು ಹೇಳುವ ಮಾತು ‘ನೆರಿಸಲ್’. ಕೊರಳನ್ನು ಹಿಸುಕುವುದಕ್ಕೂ ಇದೇ ಧಾತುವಿನ ‘ನೆರಿತ್ತಲ್’. ನಗರದ ಕೊರಳನ್ನು ಯಾರೋ ಹಿಸುಕುತ್ತಿದ್ದಾರೆಂಬ ಭಾವ ಪ್ರತಿದಿನದ ಸಂಚಾರ ವರದಿಯಲ್ಲಿಯೇ ಅಡಗಿರುವುದು ಸ್ವಾರಸ್ಯಕರ.

ಇದೇ ಬಗೆಯ ಇನ್ನೊಂದು ಪದ ‘ನೆರುಕ್ಕಡಿ’. ಒತ್ತಾಗು, ಒತ್ತರಿಸು ಎಂಬ ಅರ್ಥದ ‘ನೆರುಕ್ಕು’ ಎಂಬುದರಿಂದ ಬಂದದ್ದು. 1975ರ ಜೂನ್ 25ರಂದು ಘೋಷಣೆಯಾಗಿ 1977ರ ಮಾರ್ಚ್ 21ರವರೆಗೆ ಇದ್ದ ವಿಷಮ ಕಾಲವನ್ನು ತಮಿಳರು ‘ನೆರುಕ್ಕಡಿ ನಿಲೈ’ ಎಂದು ಕರೆದರು. ಕನ್ನಡಿಗರು ‘ತುರ್ತು ಪರಿಸ್ಥಿತಿ’ ಎಂದರು. ಕನ್ನಡ ಅಧಿಕಾರಸ್ಥರ ಮಾತನ್ನು ನಿಷ್ಠೆಯಿಂದ ಅನುವಾದಿಸಿತು: ತುರ್ತಾಗಿ ಮಾಡಬೇಕಾದ ಕೆಲಸವೊಂದಿದೆ ಎಂಬುದು ಅದರ ಧ್ವನಿ. ತಮಿಳು ಪ್ರಜೆಯ ಅನುಭವವನ್ನು ಹೇಳಿತು: ಸುತ್ತಲಿಂದ ಒತ್ತಲಾಗುತ್ತಿದೆ, ಮಾತು ಹೊರಡಲು ಸಂದಿಲ್ಲ. ಸಂವಿಧಾನದ 352ನೆಯ ವಿಧಿಗೆ ಇವೆರಡೂ ಅನುವಾದಗಳೇ. ಆದರೆ ಒಂದರಲ್ಲಿ ಬಿಗಿಯುವವನ ದೃಷ್ಟಿ, ಇನ್ನೊಂದರಲ್ಲಿ ಬಿಗಿಸಿಕೊಂಡವನ ದೃಷ್ಟಿ. ಪದದ ಆಯ್ಕೆ ಎಷ್ಟು ದೊಡ್ಡ ರಾಜಕೀಯ ವಿಚಾರ ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಾಗಿಲ್ಲ.

ಇಕ್ಕಟ್ಟಾದ ಜಾಗದಿಂದ ದುಃಖಕ್ಕೆ ಹೆಸರು ಬರುವುದು ಒಂದೆರಡು ಭಾಷೆಗಳ ವಿಶೇಷವಲ್ಲ. ತಮಿಳಿನಲ್ಲಿ ‘ಇಡುಕ್ಕು’ ಎಂದರೆ ಸಂದು. ‘ಇಡುಕ್ಕಣ್’ ಎಂದರೆ ಆಪತ್ತು, ದುಃಖ. ತಿರುಕ್ಕುಱಳಿನ 63ನೆಯ ಅಧಿಕಾರದ ಹೆಸರು ‘ಇಡುಕ್ಕಣ್ ಅೞಿಯಾಮೈ’, ಎಂದರೆ ಆಪತ್ತಿನಲ್ಲಿ ಕುಂದದಿರುವಿಕೆ. ಕನ್ನಡ ದಿನವೂ ಬಳಸುವ ‘ಸಂಕಟ’ ಸಂಸ್ಕೃತದಲ್ಲಿ ಮೊದಲು ಇಕ್ಕಟ್ಟಾದುದು, ಕಿರಿದಾದ ದಾರಿ ಎಂಬ ಅರ್ಥದಲ್ಲಿದ್ದು ಆಮೇಲೆ ಆಪತ್ತಾಗಿ, ಕೊನೆಗೆ ಹೊಟ್ಟೆಯ ಸಂಕಟವೂ ಆಗಿದೆ. ವೇದಭಾಷೆಯ ‘ಅಂಹಸ್’, ಲ್ಯಾಟಿನ್ನಿನ ‘ಅಂಗುಸ್ಟಸ್’, ಜರ್ಮನ್ನಿನ ‘ಆಂಗ್‌ಸ್ಟ್’, ಇಂಗ್ಲಿಷಿನ ‘ಆಂಗ್ಸೈಟಿ’, ಎದೆನೋವಿನ ‘ಆಂಜೈನಾ’ ಎಲ್ಲವೂ ಇಕ್ಕಟ್ಟು, ಬಿಗಿತ ಎಂಬ ಅರ್ಥದ ಒಂದೇ ಮೂಲದಿಂದ ಹೊರಟವು. ಕನ್ನಡದ ‘ಇಕ್ಕಟ್ಟು’ ಈ ಎರಡು ಅರ್ಥಗಳನ್ನೂ ಇಂದಿಗೂ ಒಟ್ಟಿಗೆ ಇಟ್ಟುಕೊಂಡಿದೆ: ಇಕ್ಕಟ್ಟಿನ ಓಣಿಯೂ ಉಂಟು, ಇಕ್ಕಟ್ಟಿಗೆ ಸಿಕ್ಕಿದ ಸರ್ಕಾರವೂ ಉಂಟು. ‘ಬಿಕ್ಕಟ್ಟು’, ‘ಮುಗ್ಗಟ್ಟು’ಗಳೂ ಇದೇ ಪಂಕ್ತಿಯಲ್ಲಿ ಕುಳಿತಿವೆ. ಹೀಗೆ ದೇಹದ ಇಕ್ಕಟ್ಟಿನಿಂದ ಮನಸ್ಸಿನ ಇಕ್ಕಟ್ಟಿಗೆ ದಾಟುವ ಸಾಮರ್ಥ್ಯ ‘ಸಂಕೋಚನ’ಕ್ಕೆ ಇಲ್ಲ, ‘ಸಂಕೋಚ’ಕ್ಕೆ ಇದ್ದರೂ ಅದು ದಾಟಿದ್ದು ಬೇರೆ ದಡಕ್ಕೆ.

ಕಿರಿದಾದುದನ್ನು ಕಿರಿದೆನ್ನದೆಯೇ ಹೇಳುವ ಜಾಣತನವೂ ಈ ಭಾಷೆಗಳಲ್ಲಿದೆ. ಭಾರತ ಮತ್ತು ಶ್ರೀಲಂಕೆಯ ನಡುವಣ ಕಡಲಿಗೆ 1763ರಿಂದ 1767ರವರೆಗೆ ಮದರಾಸಿನ ಗವರ್ನರ್ ಆಗಿದ್ದ ರಾಬರ್ಟ್ ಪಾಕ್‌ನ ಹೆಸರಿದೆ. ಇಂಗ್ಲಿಷಿನಲ್ಲಿ ಅದು ‘ಸ್ಟ್ರೇಟ್’, ಎಂದರೆ ಕನ್‌ಸ್ಟ್ರಿಕ್ಷನ್ನಿನ ದಾಯಾದಿ, ಇಕ್ಕಟ್ಟಾದುದು. ಕನ್ನಡದಲ್ಲಿ ಅದು ‘ಜಲಸಂಧಿ’, ತಮಿಳಿನಲ್ಲಿ ‘ನೀರಿಣೈ’. ಎರಡರಲ್ಲಿಯೂ ನೀರುಗಳ ಕೂಡಿಕೆ. ಒಂದೇ ಕಡಲನ್ನು ಒಬ್ಬರು ಇಕ್ಕಟ್ಟೆಂದು ಕಂಡರೆ ಇನ್ನಿಬ್ಬರು ಸಂಧಿಯೆಂದು ಕಂಡರು. ಕನಕಪುರದ ಆಚೆ ಕಾವೇರಿ ಬಂಡೆಗಳ ನಡುವೆ ಕಿರಿದಾಗಿ ಹರಿಯುವ ತಾಣಕ್ಕೆ ಕನ್ನಡಿಗರು ಕೊಟ್ಟ ಹೆಸರು ಮೇಕೆದಾಟು. ತಮಿಳರೂ ‘ಆಡು ತಾಂಡುಂ ಕಾವೇರಿ’ ಎಂದರು. ಆ ಹೆಸರು ಈಗ ಎರಡು ರಾಜ್ಯಗಳ ವಾದವಿವಾದಗಳಲ್ಲಿ ಕೇಳಿಬರುತ್ತಿದ್ದರೂ, ನದಿಯ ಅಗಲವನ್ನು ಮೇಕೆಯ ನೆಗೆತದಿಂದ ಅಳೆದ ಕಣ್ಣು ಎರಡೂ ಭಾಷೆಗಳಲ್ಲಿ ಒಂದೇ ಆಗಿತ್ತು. ಕೇರಳದ ಇಡುಕ್ಕಿ ಜಿಲ್ಲೆ ತನ್ನ ಹೆಸರನ್ನು ಪಡೆದದ್ದು ‘ಇಡುಕ್ಕ್’ ಎಂಬ ಕಿರುಕಣಿವೆಯ ಹೆಸರಿನಿಂದ. ಆ ಇಕ್ಕಟ್ಟೇ ಅಲ್ಲಿ ಕಮಾನು ಅಣೆಕಟ್ಟಿಗೆ ಅನುಕೂಲವಾಯಿತು. ಇವೆಲ್ಲ ಸೂಚಿಸುವುದು ಇಷ್ಟೇ: ಇಕ್ಕಟ್ಟು ಎಲ್ಲ ಕಡೆಯೂ ಕೇಡಲ್ಲ, ಅಲ್ಲಿ ಏನು ಹರಿಯುತ್ತದೆ, ಯಾರಿಗಾಗಿ ತಡೆಯಲಾಗಿದೆ ಎಂಬುದರ ಮೇಲೆ ಅದರ ಒಳಿತು ಕೆಡುಕು ನಿಂತಿದೆ.

ಕೇಡಾದ ಇಕ್ಕಟ್ಟಿಗೂ ಚೆನ್ನೈಯಲ್ಲಿಯೇ ನಿದರ್ಶನವಿದೆ. 2015ರ ಡಿಸೆಂಬರ್ ಮೊದಲ ವಾರ ಅಡಯಾರು ನದಿ ಉಕ್ಕಿ ನಗರದ ಬಹುಭಾಗ ಮುಳುಗಿದಾಗ ಮಳೆಯ ಪ್ರಮಾಣದ ಜೊತೆಗೆ ನದಿಯ ಪಾತ್ರದ ಒತ್ತುವರಿ, ಕೆರೆ ಮತ್ತು ಜವುಗು ನೆಲಗಳ ನಾಶ, ಅಳಿವೆಯಲ್ಲಿ ಕಟ್ಟುವ ಮರಳದಿಬ್ಬ ಎಲ್ಲವೂ ಚರ್ಚೆಗೆ ಬಂದವು. ಇದನ್ನು ‘ನದೀಪಾತ್ರದ ಸಂಕೋಚನ’ ಎಂದು ಬರೆದರೆ ನದಿ ತಾನಾಗಿಯೇ ಕುಗ್ಗಿತೆಂದು ಅರ್ಥವಾಗುತ್ತದೆ. ಕುಗ್ಗಿಸಿದವರು ವಾಕ್ಯದಿಂದ ಸದ್ದಿಲ್ಲದೆ ಹೊರಗೆ ನಡೆಯುತ್ತಾರೆ. ‘ನದಿಯನ್ನು ಇರುಕಿಸಲಾಗಿದೆ’ ಎಂದರೆ ಇರುಕಿಸಿದವರು ಯಾರೆಂಬ ಪ್ರಶ್ನೆ ತಾನಾಗಿ ಏಳುತ್ತದೆ. ಸಕರ್ಮಕ ಧಾತುವಿಗೆ ಕರ್ತೃ ಬೇಕೇ ಬೇಕು. ವ್ಯಾಕರಣದ ಈ ಸಾಮಾನ್ಯ ನಿಯಮ ಇಲ್ಲಿ ನಾಗರಿಕ ವಿವೇಕವೂ ಆಗುತ್ತದೆ.

ಈ ವಾದಕ್ಕೆ ಬರಬಹುದಾದ ಆಕ್ಷೇಪಗಳನ್ನು ಮರೆಯಬಾರದು. ಪಾರಿಭಾಷಿಕ ಪದವೆಂದರೆ ಒಂದು ಕಲ್ಪನೆಗೆ ಒಂದೇ ಪದವಿರಬೇಕು, ಸಂದರ್ಭಕ್ಕೊಂದು ಪದ ಬಳಸಿದರೆ ಶಾಸ್ತ್ರ ನಿಲ್ಲುವುದಿಲ್ಲ ಎಂಬುದು ಮೊದಲ ಆಕ್ಷೇಪ. ಸಂಸ್ಕೃತ ಪದವಾದರೆ ಭಾರತದ ಎಲ್ಲ ಭಾಷೆಗಳಿಗೂ ಸಮಾನವಾಗುತ್ತದೆ, ‘ಸಂಕೋಚಕ’, ‘ಸಂಕುಚಿತ’ ಎಂದು ಸಾಧಿತರೂಪಗಳೂ ಸುಲಭ ಎಂಬುದು ಎರಡನೆಯದು. ಕೇಂದ್ರ ಸರ್ಕಾರ 1961ರಲ್ಲಿ ಸ್ಥಾಪಿಸಿದ ವೈಜ್ಞಾನಿಕ ಮತ್ತು ತಾಂತ್ರಿಕ ಪರಿಭಾಷಾ ಆಯೋಗದ ಕಾರ್ಯದ ಹಿಂದೆ ಇದ್ದುದೂ ಈ ಸಮಾನತೆಯ ಆಶಯವೇ. ಅದನ್ನು ಹಗುರವಾಗಿ ಕಾಣುವಂತಿಲ್ಲ. ಆದರೆ ಒಂದು ಕಲ್ಪನೆಗೆ ಒಂದು ಪದ ಎಂಬ ನಿಯಮವನ್ನು ನಿಜವಾಗಿ ಮುರಿದಿರುವುದು ‘ಸಂಕೋಚನ’ವೇ. ಅದು ಎರಡು ಕಲ್ಪನೆಗಳಿಗೆ ಒಂದೇ ಪದವಾಗಿ ನಿಂತಿದೆ. ಅದನ್ನು ಕಾಂಟ್ರ್ಯಾಕ್ಷನ್ನಿಗೆ ಮೀಸಲಿಟ್ಟು, ಕನ್‌ಸ್ಟ್ರಿಕ್ಷನ್ನಿಗೆ ‘ಬಿಗಿತ’ ಮತ್ತು ‘ಇರುಕು’ಗಳನ್ನು ಗೊತ್ತುಮಾಡಿದರೆ ನಿಯಮ ಉಳಿಯುತ್ತದೆ: ಸುತ್ತಲಿನ ಕಟ್ಟನ್ನು ಹೇಳುವಾಗ ಬಿಗಿತ, ಒಳಗಿನ ದಾರಿ ಕಿರಿದಾದುದನ್ನು ಹೇಳುವಾಗ ಇರುಕು. ಸಾಧಿತರೂಪಗಳಿಗೂ ಕೊರತೆಯಿಲ್ಲ. ಬಿಗಿಯುವ, ಬಿಗಿದ, ಇರುಕುವ, ಇರುಕಿದ, ಇರುಕಿಸುವ ಎಂಬ ಕೃದಂತಗಳು ಕನ್ನಡಕ್ಕೆ ಸಹಜ. ‘ರಕ್ತನಾಳವನ್ನು ಇರುಕಿಸುವ ಔಷಧ’ ಎಂದರೆ ಯಾರಿಗೆ ತಿಳಿಯುವುದಿಲ್ಲ? ಪುಸ್ತಕವನ್ನು ಕಂಕುಳಲ್ಲಿ ಇರುಕಿಸಿಕೊಳ್ಳುವ ಕನ್ನಡಿಗನಿಗೆ ಈ ಧಾತು ಹೊಸದಲ್ಲ. ಅರ್ಥವನ್ನು ತುಸು ವಿಸ್ತರಿಸಬೇಕು, ಅಷ್ಟೆ. ತಮಿಳು ‘ಇಱುಕ್ಕಂ’ ಪದದಲ್ಲಿ ಇದನ್ನು ಸಾಧಿಸಿ ತೋರಿಸಿದೆ.

ಒಳ್ಳೆಯ ಅನುವಾದ ಸಂದರ್ಭವನ್ನು ಅರಿತು ನಡೆದರೆ ಎಷ್ಟು ಸಹಜವಾಗಿರುತ್ತದೆ ಎಂಬುದನ್ನು ಕನ್ನಡ ಪತ್ರಕರ್ತರಿಂದ ಕಲಿಯಬಹುದು. ಇದೇ ಧಾತುವಿನಿಂದ ಬಂದ ‘ಸ್ಟ್ರಿಕ್ಚರ್’ ಎಂಬ ಪದಕ್ಕೆ ವೈದ್ಯರಲ್ಲಿ ನಾಳದ ಇರುಕು ಎಂಬ ಅರ್ಥ, ನ್ಯಾಯಾಲಯದಲ್ಲಿ ಕಟುಟೀಕೆ ಎಂಬ ಅರ್ಥ. ಪತ್ರಿಕೆಗಳು ಎರಡನೆಯದಕ್ಕೆ ‘ಛೀಮಾರಿ’ ಎಂಬ ಪದವನ್ನು ಬಳಕೆಗೆ ತಂದವು. ಅದರಲ್ಲಿ ಬಿಗಿತದ ಸುಳಿವೇ ಇಲ್ಲ. ಆದರೂ ಅದು ಪರಿಪೂರ್ಣ ಅನುವಾದ. ನ್ಯಾಯಾಲಯದ ಮಾತು ಕೇಳಿದ ಅಧಿಕಾರಿಗೆ ಆಗುವ ಅನುಭವವನ್ನು ಅದು ಹೇಳುತ್ತದೆ.

ಈ ಕೆಲಸಕ್ಕೂ ಚೆನ್ನೈಗೂ ಇರುವ ನಂಟು ಹಳೆಯದು. ಬಳ್ಳಾರಿ 1953ರವರೆಗೆ, ದಕ್ಷಿಣ ಕನ್ನಡ ಮತ್ತು ಕೊಳ್ಳೇಗಾಲ 1956ರವರೆಗೆ ಈ ನಗರದ ಆಡಳಿತಕ್ಕೆ ಸೇರಿದ್ದವು. ವಿಲಿಯಂ ರೀವ್ ಸಿದ್ಧಪಡಿಸಿದ ಇಂಗ್ಲಿಷ್–ಕನ್ನಡ ನಿಘಂಟು 1824ರಲ್ಲಿ, ಕನ್ನಡ–ಇಂಗ್ಲಿಷ್ ನಿಘಂಟು 1832ರಲ್ಲಿ ಅಚ್ಚಾದದ್ದು ಮದರಾಸಿನಲ್ಲಿ. 1894ರಲ್ಲಿ ಮಂಗಳೂರಿನಲ್ಲಿ ಪ್ರಕಟವಾದ ಕಿಟ್ಟೆಲರ ಮಹಾಕೋಶವನ್ನು ಪರಿಷ್ಕರಿಸಿ ವಿಸ್ತರಿಸಿದ ಪ್ರೊ. ಎಂ. ಮರಿಯಪ್ಪ ಭಟ್ಟರ ನಾಲ್ಕು ಸಂಪುಟಗಳನ್ನು 1968ರಿಂದ 1971ರ ಅವಧಿಯಲ್ಲಿ ಹೊರತಂದದ್ದು ಮದರಾಸು ವಿಶ್ವವಿದ್ಯಾನಿಲಯ. ಅದೇ ವಿಶ್ವವಿದ್ಯಾನಿಲಯ 1924ರಿಂದ 1936ರವರೆಗೆ ತಮಿಳಿನ ಬೃಹತ್ ಕೋಶವನ್ನು ಆರು ಸಂಪುಟಗಳಲ್ಲಿ ಪ್ರಕಟಿಸಿತ್ತು. ಬರೊ ಮತ್ತು ಎಮೆನೊ ಅವರ ದ್ರಾವಿಡ ವ್ಯುತ್ಪತ್ತಿಕೋಶ 1961ರಲ್ಲಿ, ಅದರ ಪರಿಷ್ಕೃತ ಆವೃತ್ತಿ 1984ರಲ್ಲಿ ಬಂದು ಈ ಸೋದರ ಪದಗಳನ್ನು ಒಂದೇ ಸೂರಿನಡಿ ತಂದಿತು. ಕಿಟ್ಟೆಲರು ಕನ್ನಡ ಪದವೊಂದನ್ನು ಎತ್ತಿಕೊಂಡಾಗ ಅದರ ಗಾದೆ, ಆಡುಮಾತು, ಸೋದರಭಾಷೆಗಳ ರೂಪ ಎಲ್ಲವನ್ನೂ ಜೊತೆಗಿಟ್ಟರು. ಕನ್ನಡದಿಂದ ಇಂಗ್ಲಿಷಿಗೆ ಹೋಗುವಾಗ ತೋರಿದ ಈ ಔದಾರ್ಯ ಇಂಗ್ಲಿಷಿನಿಂದ ಕನ್ನಡಕ್ಕೆ ಬರುವಾಗ ಕಾಣದಿರುವುದು ಶೋಚನೀಯ. ಹೋಗುವಾಗ ಹೆದ್ದಾರಿ, ಬರುವಾಗ ಇಕ್ಕಟ್ಟಿನ ಓಣಿ ಎಂಬಂತಾಗಿದೆ.

ತಾಳವಾಡಿ, ಹೊಸೂರು, ಕಾಸರಗೋಡುಗಳ ಕನ್ನಡಿಗರಿಗೆ, ಚೆನ್ನೈಯಲ್ಲಿ ನೆಲೆಸಿದ ಕನ್ನಡ ಕುಟುಂಬಗಳಿಗೆ ಕನ್ನಡ ಮನೆಯ ಮಾತು, ಹೊರಗಿನ ವ್ಯವಹಾರ ತಮಿಳು, ಮಲಯಾಳ, ಇಂಗ್ಲಿಷುಗಳಲ್ಲಿ. ಅವರ ಕಿವಿಯಲ್ಲಿ ಇರುಕು–ಇಱುಕ್ಕು, ಅಮುಕು–ಅಮುಕ್ಕು ಜೋಡಿಗಳು ಒಟ್ಟಿಗೆ ಉಳಿದಿವೆ. ಇಂಥವರ ಮಾತನ್ನು ಕೇಳಿ, ಆಸ್ಪತ್ರೆ, ಬೀದಿ, ಹೊಲ, ನ್ಯಾಯಾಲಯಗಳಲ್ಲಿ ಜನ ನಿಜವಾಗಿ ಆಡುವ ಪದಗಳನ್ನು ಸಂಗ್ರಹಿಸಿ, ಒಂದು ಇಂಗ್ಲಿಷ್ ಪದದ ಎದುರು ಅದರ ಸಂದರ್ಭಗಳನ್ನೂ ಪ್ರತಿ ಸಂದರ್ಭಕ್ಕೆ ಒಪ್ಪುವ ಕನ್ನಡ ಪದವನ್ನೂ ತಮಿಳಿನ ಸೋದರ ಪದವನ್ನೂ ಇಟ್ಟು ಒಂದು ಕೋಶವನ್ನು ಸಿದ್ಧಪಡಿಸುವುದು ಈ ನಗರದ ಕನ್ನಡ ವಿಭಾಗಕ್ಕೆ ಅತ್ಯಂತ ಸಹಜವಾದ ಕಾರ್ಯ. ಕರ್ನಾಟಕದೊಳಗಿನ ವಿಶ್ವವಿದ್ಯಾನಿಲಯಗಳಿಗೆ ಇಲ್ಲದ ಅನುಕೂಲ ಇದಕ್ಕಿದೆ. ವಿಭಾಗದ ವಿದ್ಯಾರ್ಥಿಗಳು ವರ್ಷಕ್ಕೆ ನೂರು ಪದಗಳಂತೆ ಪರಿಶೀಲಿಸಿದರೂ ಹತ್ತು ವರ್ಷಗಳಲ್ಲಿ ಸಾವಿರ ಪದಗಳ ಭದ್ರವಾದ ಸಂಗ್ರಹವಾಗುತ್ತದೆ. ಆ ಸಂಗ್ರಹದಲ್ಲಿ ‘ಕನ್‌ಸ್ಟ್ರಿಕ್ಷನ್’ ಎಂಬ ನಮೂದಿನ ಎದುರು ‘ಸಂಕೋಚ’ ಎಂಬ ಒಂದೇ ಪದ ಒಂಟಿಯಾಗಿ ನಿಂತಿರಬಾರದು. ಎದೆ ಬಿಗಿದವನ, ದಾರಿ ಕಾಣದವನ, ಕೊರಳು ಹಿಸುಕಿಸಿಕೊಂಡವನ ಕನ್ನಡ ಅಲ್ಲಿ ದಾಖಲಾಗಿರಬೇಕು.